64 ಲೀಟರಿನ ರೀಫ್ ಟ್ಯಾಂಕ್: ಕಂದು ಪೊರೆ, ಮುಚ್ಚಿಕೊಂಡ ಹವಳ, ಸಂಜೆಗೆ ಏರುವ ಉಷ್ಣಾಂಶ – ಮೊದಲು ಯಾವುದನ್ನು ಸರಿಪಡಿಸಬೇಕು?

ಹೊಸಕಡಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಿಹಿನೀರಿನ ಮೀನುಗಳನ್ನು ಹಲವು ವರ್ಷ ಸಾಕಿದ ಮೇಲೆ, ಈ ಜನವರಿಯಲ್ಲಿ ಬೆಂಗಳೂರಿನ ನಮ್ಮ ಮನೆಯಲ್ಲಿ ಸಣ್ಣದೊಂದು ಉಪ್ಪುನೀರಿನ ರೀಫ್ ಟ್ಯಾಂಕ್ (ಹವಳ, ಮೀನುಗಳನ್ನು ಒಟ್ಟಿಗೆ ಸಾಕುವ ಗಾಜಿನ ತೊಟ್ಟಿ) ಆರಂಭಿಸಿದ್ದೇನೆ. ಗಾಜಿನ ಅಳತೆಯ ಪ್ರಕಾರ ಅದು 64 ಲೀಟರ್. ಕಲ್ಲು, ಮರಳು ಮತ್ತು ಮೇಲೆ ಬಿಟ್ಟ ಜಾಗವನ್ನು ಕಳೆದರೆ ನಿಜವಾಗಿ ಇರುವ ನೀರು 50 ಲೀಟರಿನ ಆಸುಪಾಸು. ಒಣ ಕಲ್ಲು ಮತ್ತು ಅರಗೊನೈಟ್ ಮರಳನ್ನು ಹಾಕಿ, ಅಮೋನಿಯಂ ಕ್ಲೋರೈಡ್ ಉಣಿಸುತ್ತಾ, ಬ್ಯಾಕ್ಟೀರಿಯಾ ನೆಲೆಯೂರುವವರೆಗೆ ಮೀನು ಬಿಡದೆ ಕಾದೆ. ಅಮೋನಿಯಾ ಹಾಗೂ ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಎರಡು ಕ್ಲೌನ್ ಮೀನು, ಕೆಲವು ಬಸವನಹುಳು, ಒಂದು ಸಣ್ಣ ಲೆದರ್ ಹವಳ (ಚರ್ಮದಂಥ ಮೈಯ ಮೃದು ಹವಳ) ಮತ್ತು ಹವಳದ ಸಂಬಂಧಿಗಳಾದ ಝೋವಾಂಥಿಡ್‌ಗಳಿರುವ ಒಂದು ಕಲ್ಲಿನ ತುಂಡು ಒಳಗೆ ಬಂದಿವೆ.

ಏಪ್ರಿಲ್ ಬಂದಂತೆ ತೊಂದರೆಗಳು ಒಟ್ಟೊಟ್ಟಿಗೆ ಕಾಣಿಸಿಕೊಂಡಿವೆ. ಮರಳಿನ ಮೇಲೂ ಕಲ್ಲಿನ ಮೇಲೂ ಕಂದು ಬಣ್ಣದ ಪೊರೆ ಹರಡಿದೆ. ಪೈಪಿನಿಂದ ಹೀರಿ ತೆಗೆದರೆ ಮಾರನೆಯ ಮಧ್ಯಾಹ್ನದ ಹೊತ್ತಿಗೆ ಮತ್ತೆ ಅಷ್ಟೇ ಇರುತ್ತದೆ. ಲೆದರ್ ಹವಳವು ಕೆಲವು ದಿನಗಳಿಂದ ತನ್ನ ಪುಟ್ಟ ಹೂವಿನಂಥ ಪಾಲಿಪ್‌ಗಳನ್ನು ಹೊರಚಾಚಿಲ್ಲ, ಅದರ ಮೇಲ್ಮೈಗೆ ಮೇಣದಂಥ ಹೊಳಪು ಬಂದಿದೆ. ನೀರಿನ ಉಷ್ಣಾಂಶ ಬೆಳಿಗ್ಗೆ 26 ಡಿಗ್ರಿ ಇದ್ದದ್ದು ಸಂಜೆಗೆ 29.5ಕ್ಕೆ ಏರುತ್ತದೆ. ನೀರಿನಲ್ಲಿರುವ ಉಪ್ಪನ್ನು ತಿಳಿಸುವ ಸಾಪೇಕ್ಷ ಸಾಂದ್ರತೆ ಒಂದು ದಿನ 1.025, ಇನ್ನೊಂದು ದಿನ 1.028 ತೋರಿಸುತ್ತದೆ. ಕ್ಷಾರತೆ 8.2 ಡಿಕೆಎಚ್, ಪಿಎಚ್ 8.0, ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆ. ನೀರು ನಮ್ಮ ಅಡುಗೆಮನೆಯ ಆರ್‌ಒ ಯಂತ್ರದ್ದು, ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿರುವ ಪದಾರ್ಥ, ಮಿಲಿಗ್ರಾಂಗಳಲ್ಲಿ) 62.

ಅಂಗಡಿಯವರು ಪಾಚಿ ತೆಗೆಯುವ ದ್ರಾವಣವನ್ನೂ ಫಾಸ್ಫೇಟ್ ಹೀರುವ ರೆಸಿನ್ನನ್ನೂ ಕೊಟ್ಟಿದ್ದಾರೆ. ರೆಸಿನ್ ಈಗಾಗಲೇ ಫಿಲ್ಟರಿನಲ್ಲಿದೆ, ದ್ರಾವಣವನ್ನು ಇನ್ನೂ ಹಾಕಿಲ್ಲ. ಮಲ್ಪೆಯಲ್ಲಿರುವ ನಮ್ಮ ಭಾವನವರು ಮುಂದಿನ ವಾರ ಬೆಂಗಳೂರಿಗೆ ಬರುವವರಿದ್ದು, ಬೇಕಿದ್ದರೆ ಕ್ಯಾನುಗಳಲ್ಲಿ ಸಮುದ್ರದ ನೀರನ್ನೂ ಒಂದಿಷ್ಟು ಕಲ್ಲು, ಮರಳನ್ನೂ ತರುತ್ತೇನೆ ಎಂದಿದ್ದಾರೆ. ಅದನ್ನು ತರಿಸಿಕೊಳ್ಳುವುದು ಒಳ್ಳೆಯದೇ? ಇಷ್ಟರಲ್ಲಿ ಮೊದಲು ಯಾವುದಕ್ಕೆ ಕೈಹಾಕಬೇಕು, ಯಾವುದನ್ನು ಸುಮ್ಮನೆ ಬಿಡಬೇಕು ಎಂಬುದನ್ನು ಅನುಭವಿಗಳು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ನೀರಿನ ಲೆಕ್ಕ

ಹೊಸಕಡಲು ಅವರೇ, ಅಂಕಿಗಳನ್ನೆಲ್ಲ ಬರೆದು ಕೇಳಿದ್ದಕ್ಕೆ ಮೊದಲು ವಂದನೆ. ಇಲ್ಲಿ ಬರುವ ಹೆಚ್ಚಿನ ಪ್ರಶ್ನೆಗಳಲ್ಲಿ ಫೋಟೊ ಇರುತ್ತದೆಯೇ ಹೊರತು ಅಳತೆಗಳಿರುವುದಿಲ್ಲ. ಆ ದ್ರಾವಣದ ಬಾಟಲಿಯನ್ನು ತೆರೆಯಬೇಡಿ. ನಿಮ್ಮ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತರಿಸಿದ್ದು ಕಂದು ಪೊರೆಯಲ್ಲ, 1.025 ಮತ್ತು 1.028 ಎಂಬ ಎರಡು ಸಂಖ್ಯೆಗಳು.

ಬೇಸಿಗೆಯ ಒಣಗಾಳಿಯಲ್ಲಿ, ಅದರಲ್ಲೂ ಮುಚ್ಚಳವಿಲ್ಲದ ಟ್ಯಾಂಕಿನಿಂದ, ದಿನಕ್ಕೆ ಒಂದು ಲೀಟರ್ ನೀರು ಆವಿಯಾಗುವುದು ಸಾಮಾನ್ಯ. ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿಯುತ್ತದೆ. 50 ಲೀಟರಿನಲ್ಲಿ ಲವಣಾಂಶ ಸಾವಿರಕ್ಕೆ 35 ಇದ್ದರೆ, ಮೂರು ದಿನ ನೀರು ತುಂಬದೆ ಬಿಟ್ಟಾಗ ಉಳಿದ 47 ಲೀಟರಿನಲ್ಲಿ ಅದು 37.2 ಆಗುತ್ತದೆ, ನಿಮ್ಮ 1.028 ಎಂಬುದು ಹೆಚ್ಚುಕಡಿಮೆ ಅದೇ. ಆಮೇಲೆ ನೀವು ಮೂರು ಲೀಟರ್ ಸಿಹಿನೀರನ್ನು ಒಮ್ಮೆಲೇ ಸುರಿದರೆ ಕೆಲವೇ ನಿಮಿಷಗಳಲ್ಲಿ ಅದು ಮತ್ತೆ 35ಕ್ಕೆ ಇಳಿಯುತ್ತದೆ. ಮೀನು ಇದನ್ನು ಸಹಿಸೀತು. ಆದರೆ ಹವಳದ ಮೈಯೊಳಗಿನ ದ್ರವದ ಲವಣಾಂಶ ಹೊರಗಿನ ನೀರಿನೊಂದಿಗೇ ಏರಿಳಿಯುವುದರಿಂದ ಅದು ಮುದುಡಿಕೊಳ್ಳದೆ ಬೇರೆ ದಾರಿಯಿಲ್ಲ. 400 ಲೀಟರಿನ ಟ್ಯಾಂಕಿನವರು ಇದೇ ಮೂರು ಲೀಟರನ್ನು ಮರೆತರೂ ಅವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಣ್ಣ ಟ್ಯಾಂಕ್ ಸುಲಭ ಎಂದು ಹೊಸಬರು ಅದನ್ನೇ ಆರಿಸಿಕೊಳ್ಳುತ್ತಾರೆ. ವಾಸ್ತವದಲ್ಲಿ ಅಗ್ಗವಾಗುವುದು ಗಾಜು ಮಾತ್ರ.

ಆದ್ದರಿಂದ ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಗೆರೆ ಎಳೆದು, ದಿನಕ್ಕೆ ಎರಡು ಬಾರಿ ಆ ಗೆರೆಯವರೆಗೆ ಉಪ್ಪಿಲ್ಲದ ಶುದ್ಧ ನೀರನ್ನು ನಿಧಾನವಾಗಿ ತುಂಬಿ. ಊರಿಗೆ ಹೋಗಿಬರುವವರಾದರೆ ತಾನೇ ನೀರು ತುಂಬುವ ಸೆನ್ಸರ್ ಸಾಧನವನ್ನು ಹಾಕಿಸಿಕೊಳ್ಳಬಹುದು. ಆದರೆ ಅದಕ್ಕೆ ಜೋಡಿಸುವ ಡಬ್ಬಿ 5 ಲೀಟರಿಗಿಂತ ದೊಡ್ಡದಿರಬಾರದು. ಸೆನ್ಸರ್ ಕೆಟ್ಟು ಡಬ್ಬಿಯಲ್ಲಿರುವುದೆಲ್ಲ ಒಳಗೆ ಸುರಿದರೆ, 5 ಲೀಟರಾದರೆ ಲವಣಾಂಶ 31.8ಕ್ಕೆ ಇಳಿಯುತ್ತದೆ, ಪ್ರಾಣಿಗಳು ಬದುಕಿಕೊಳ್ಳುತ್ತವೆ; 20 ಲೀಟರಿನ ಕ್ಯಾನಾದರೆ ಟ್ಯಾಂಕೂ ಹೋಯಿತು, ನೆಲವೂ ಹೋಯಿತು.

ಅಳೆಯುವ ಸಾಧನವನ್ನೂ ಒಮ್ಮೆ ಪರೀಕ್ಷಿಸಿ. ಬೆಳಕಿನ ಬಾಗುವಿಕೆಯಿಂದ ಉಪ್ಪನ್ನು ಅಳೆಯುವ ಅಗ್ಗದ ರಿಫ್ರಾಕ್ಟೋಮೀಟರನ್ನು ಬರೀ ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಅದು 35ರ ಹತ್ತಿರ ತಪ್ಪು ತೋರಿಸುವುದುಂಟು. 35ರ ಪ್ರಮಾಣ ದ್ರಾವಣ ಸಿಗದಿದ್ದರೆ, ಅಯೋಡಿನ್ ಬೆರೆಸದ ಶುದ್ಧ ಸೋಡಿಯಂ ಕ್ಲೋರೈಡ್ 36.5 ಗ್ರಾಂ ಅನ್ನು 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿ. ರಿಫ್ರಾಕ್ಟೋಮೀಟರಿನಲ್ಲಿ ಅದು 35ರ ಸಮುದ್ರದ ನೀರಿನಷ್ಟೇ ತೋರಿಸಬೇಕು. ಇದು ಸಾಧನವನ್ನು ಹೊಂದಿಸಲು ಮಾತ್ರ, ಟ್ಯಾಂಕಿಗೆ ಹಾಕಲು ಅಲ್ಲ.

ಇನ್ನು ನಿಮ್ಮ ಆರ್‌ಒ ನೀರು. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಸೋಸಿದ ನಲ್ಲಿ ನೀರನ್ನು ಮರಳಿ ಬೆರೆಸುವ ತಿರುಪು ಇರುತ್ತದೆ, ಇಲ್ಲವೇ ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ. 62 ಎಂಬ ಟಿಡಿಎಸ್ ಬರುವುದು ಅದರಿಂದಲೇ. ದಿನಕ್ಕೆ ಒಂದು ಲೀಟರಿನಂತೆ ತಿಂಗಳಿಗೆ 30 ಲೀಟರ್ ಈ ನೀರನ್ನು ತುಂಬಿದರೆ, ಅದರಲ್ಲಿ ಕರಗಿದ್ದ 1,860 ಮಿಲಿಗ್ರಾಂ ಪದಾರ್ಥವೂ ನಿಮ್ಮ 50 ಲೀಟರಿನಲ್ಲೇ ಶೇಖರವಾಗುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಇದ್ದರೆ ಅಡ್ಡಿಯಿಲ್ಲ. ಸಿಲಿಕೇಟ್, ನೈಟ್ರೇಟ್, ತಾಮ್ರದ ಅಂಶವಿದ್ದರೆ ಇದೆ. ಕಾವೇರಿ ನೀರೂ ಕೊಳವೆಬಾವಿ ನೀರೂ ಟ್ಯಾಂಕರ್ ನೀರೂ ಸರದಿಯಲ್ಲಿ ಒಂದೇ ಸಂಪಿಗೆ ಬೀಳುವ ಮನೆಗಳಲ್ಲಂತೂ ಇಂದು ಏನು ಬಂದಿದೆ ಎಂದು ಹೇಳುವುದೇ ಕಷ್ಟ. ಯಂತ್ರದೊಳಗಿನ ಆರ್‌ಒ ಮೆಂಬ್ರೇನಿನ ನೀರು ನೇರವಾಗಿ ಹೊರಬರುವಂತೆ ಒಂದು ಕವಲು ಹಾಕಿಸಿ, ಅದರ ಮುಂದೆ ಉಳಿದ ಲವಣಗಳನ್ನೂ ಹೀರುವ ಡಿಐ ರೆಸಿನ್ನಿನ ಒಂದು ಕಾರ್ಟ್ರಿಜ್ ಕೂರಿಸಿದರೆ ಟಿಡಿಎಸ್ ಸೊನ್ನೆಗೆ ಬರುತ್ತದೆ.

ಉಷ್ಣಾಂಶದ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಮ್ಮ ಗಾಳಿ ಒಣಗಿರುವುದರಿಂದ, ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವ ಒಂದು ಸಣ್ಣ ಫ್ಯಾನು ಆವಿಯಾಗಿಸಿಯೇ ಎರಡು ಮೂರು ಡಿಗ್ರಿ ಇಳಿಸುತ್ತದೆ. ಮಂಗಳೂರಿನ ಸೆಕೆಯಲ್ಲಿ ಇದೇ ಫ್ಯಾನಿನಿಂದ ಅಷ್ಟು ಪ್ರಯೋಜನವಾಗದೆ ಚಿಲ್ಲರ್ ಕೊಳ್ಳಬೇಕಾಗುತ್ತದೆ. ಫ್ಯಾನನ್ನು ಥರ್ಮೋಸ್ಟಾಟಿಗೆ ಜೋಡಿಸಿ 26.5 ಡಿಗ್ರಿಗೆ ಚಾಲೂ ಆಗುವಂತೆಯೂ, ಡಿಸೆಂಬರಿನ ರಾತ್ರಿಗಳಿಗಾಗಿ 50 ವ್ಯಾಟಿನ ಹೀಟರನ್ನು 25 ಡಿಗ್ರಿಗೆ ಚಾಲೂ ಆಗುವಂತೆಯೂ ಇಟ್ಟರೆ ಅವೆರಡೂ ಪರಸ್ಪರ ಹೋರಾಡುವುದಿಲ್ಲ. ಫ್ಯಾನು ಬಂದ ಮೇಲೆ ಆವಿಯಾಗುವ ನೀರು ಇನ್ನೂ ಹೆಚ್ಚುತ್ತದೆ ಎಂಬುದನ್ನು ಮರೆಯದಿರಿ. ಮೊದಲು ಹೇಳಿದ ಗೆರೆಯ ಮಾತು ಇಲ್ಲಿಗೂ ಬಂತು.

ಇಷ್ಟೆಲ್ಲ ಏಕೆಂದರೆ, ಹವಳದ ಅಂಗಾಂಶದೊಳಗೆ ಇದ್ದುಕೊಂಡು ಬೆಳಕಿನಿಂದ ಅದಕ್ಕೆ ಆಹಾರ ಒದಗಿಸುವ ಏಕಕೋಶ ಪಾಚಿಗಳು ಬಿಸಿಯಲ್ಲಿ ಹೊರದೂಡಲ್ಪಡುತ್ತವೆ, ಹವಳ ಬಿಳಿಚಿಕೊಳ್ಳುತ್ತದೆ. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಕೇವಲ ಒಂದು ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ ಸಾಕು. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಆದದ್ದು ಇದೇ.

ಕಡಲತಡಿ

ನಾನು ಉಡುಪಿ ಜಿಲ್ಲೆಯವನು, ಆದ್ದರಿಂದ ಮಲ್ಪೆಯ ಕ್ಯಾನುಗಳ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ನಿಮ್ಮ ಭಾವನವರ ಒಳ್ಳೆಯ ಮನಸ್ಸನ್ನು ನೋಯಿಸದೆ ಬೇಡ ಎಂದುಬಿಡಿ.

ಸಮುದ್ರದ ನೀರು ತಾತ್ವಿಕವಾಗಿ ಅತ್ಯುತ್ತಮವಾದದ್ದೇ. ಆದರೆ ಅದು ತೀರದಿಂದ ದೂರದ, ಆಳದ, ಸ್ವಚ್ಛ ನೀರಾಗಿರಬೇಕು. ದಡದಲ್ಲಿ ಮೊಣಕಾಲುದ್ದ ಇಳಿದು ತುಂಬಿದ ನೀರು ಆ ವರ್ಗಕ್ಕೆ ಸೇರುವುದಿಲ್ಲ. ಮಲ್ಪೆ ದೊಡ್ಡ ಮೀನುಗಾರಿಕಾ ಬಂದರು. ದೋಣಿಗಳ ಡೀಸೆಲ್, ಮೀನು ತೊಳೆದ ನೀರು ಎಲ್ಲವೂ ಅಲ್ಲಿದೆ. ನಮ್ಮ ಕರಾವಳಿಯುದ್ದಕ್ಕೂ ಸ್ವಲ್ಪ ಸ್ವಲ್ಪ ದೂರಕ್ಕೊಂದು ನದಿ ಸಮುದ್ರ ಸೇರುವುದರಿಂದ ಮಳೆಗಾಲದಲ್ಲಿ ದಡದ ನೀರಿನ ಉಪ್ಪು ತೀರಾ ಇಳಿದು, ಕೆಸರೂ ಗೊಬ್ಬರದ ಅಂಶವೂ ಸೇರಿಕೊಳ್ಳುತ್ತವೆ. ಏಪ್ರಿಲಿನಲ್ಲಿ ಉಪ್ಪಿನ ಅಂಶ ಸರಿಯಿದ್ದರೂ, ಮುಚ್ಚಿದ ಕ್ಯಾನಿನಲ್ಲಿ ಘಾಟಿ ಹತ್ತಿ ಒಂದು ರಾತ್ರಿ ಪಯಣಿಸಿದ ನೀರಿನಲ್ಲಿ ಸೂಕ್ಷ್ಮಜೀವಿಗಳು ಸತ್ತು ಕೊಳೆತಿರುತ್ತವೆ. ನಿಮಗೆ ಬೇಕಾದದ್ದು ವಾರಕ್ಕೆ 5 ಲೀಟರ್. ಅಷ್ಟಕ್ಕೆ ಬೇಕಾದ ಸಮುದ್ರದ ಉಪ್ಪಿನ ಮಿಶ್ರಣ 200 ಗ್ರಾಂ ಮೀರುವುದಿಲ್ಲ. ಈ ಉಳಿತಾಯಕ್ಕಾಗಿ ಅಷ್ಟು ಅಪಾಯ ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಮರಳು ಇನ್ನೂ ಬೇಡ. ನಮ್ಮ ಕಡಲತೀರದ ಮರಳು ಬಹುಪಾಲು ಸಿಲಿಕಾ. ನೀವು ಹಾಕಿರುವ ಅರಗೊನೈಟ್‌ನಂತೆ ಅದು ಸುಣ್ಣದ ಅಂಶದ್ದಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳಂಥ ಬಂಡೆಗಳನ್ನು ನೋಡಿದವರು ಹವಳದ ಕಲ್ಲು ಎಂದು ಭ್ರಮಿಸುವುದುಂಟು. ಅವು ಲಾವಾದಿಂದಾದ ಶಿಲೆಗಳು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿವೆ, ಒಂದು ತುಂಡನ್ನೂ ಎತ್ತಬಾರದು.

ನಿಜವಾದ ಹವಳದ ಕಲ್ಲಿನ ಮಾತು ಬಂದರೆ ಅದು ನೇರವಾಗಿ ಕಾನೂನಿನ ವಿಷಯ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪರಿಶಿಷ್ಟ 1ಕ್ಕೆ 2001ರಲ್ಲಿ ರೀಫ್ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಸಮುದ್ರ ಬೀಸಣಿಗೆಗಳನ್ನೂ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ದಡಕ್ಕೆ ಬಂದು ಬಿದ್ದ ಸತ್ತ ತುಂಡೂ ಅದರಲ್ಲಿ ಸೇರುತ್ತದೆ. ಮುರುಡೇಶ್ವರದ ಬಳಿಯ ನೇತ್ರಾಣಿಯ ಸುತ್ತ ಹವಳಗಳಿವೆ, ಡೈವಿಂಗ್‌ಗೆ ಹೋಗಿ ನೋಡಿ ಬನ್ನಿ, ಕೈಯಲ್ಲಿ ಏನನ್ನೂ ತರಬೇಡಿ. ಸಮುದ್ರ ಕುದುರೆ, ಸಮುದ್ರ ಸೌತೆ ಎನ್ನುವ ಹೊಲೊಥೂರಿಯನ್‌ಗಳು, ಕೆಲವು ದೈತ್ಯ ಚಿಪ್ಪುಗಳು ಕೂಡ ಅದೇ ಪಟ್ಟಿಯಲ್ಲಿ ಬಂದವು. ಮರಳು ಸ್ವಚ್ಛ ಮಾಡುತ್ತದೆ ಎಂದು ಯಾರಾದರೂ ಸಮುದ್ರ ಸೌತೆಯನ್ನು ಮಾರಲು ಬಂದರೆ ಕೊಳ್ಳಬೇಡಿ. ಹೊರದೇಶದಿಂದ ಬಂದ ಗಟ್ಟಿ ಹವಳಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ ಅವಕ್ಕೆ ಆಮದಿನ ದಾಖಲೆ ಬೇಕು. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಅಂಥ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿಯನ್ನೂ ಮಾಡಿಸಬೇಕು. ನೀವು ಸಾಕುತ್ತಿರುವ ಲೆದರ್ ಮತ್ತು ಝೋವಾಂಥಿಡ್‌ಗಳು ಗಟ್ಟಿ ಹವಳದ ಗುಂಪಿಗೆ ಸೇರಿದವಲ್ಲ. ಹೊಸಬರಿಗೆ ಅವೇ ಸುಲಭ, ನಮ್ಮ ದೇಶದಲ್ಲಿ ಅವೇ ನಿಶ್ಚಿಂತೆ ಕೂಡ. ಹಾಗಿದ್ದರೂ ಬಿಲ್ಲನ್ನು ಜೋಪಾನವಾಗಿಡಿ.

ಸೂಕ್ಷ್ಮದರ್ಶಿ

ನೀರಿನ ಲೆಕ್ಕ ಅವರು ಹೇಳಿದ್ದರಲ್ಲಿ ಬಹುತೇಕ ನನ್ನ ಒಪ್ಪಿಗೆಯಿದೆ. ಆದರೆ ಕಂದು ಪೊರೆಯನ್ನು ಅವರು ಬದಿಗಿಟ್ಟದ್ದು ಸರಿಯಲ್ಲ ಎಂದು ನನಗೆ ತೋರುತ್ತದೆ, ಏಕೆಂದರೆ ಹೊಸಕಡಲು ಅವರ ಅಂಕಿಗಳಲ್ಲಿ ಇನ್ನೊಂದು ಜೋಡಿ ಸಂಖ್ಯೆ ಅಡಗಿದೆ: ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ.

ಸಿಹಿನೀರಿನಿಂದ ಬಂದವರಿಗೆ ಸೊನ್ನೆ ಎಂದರೆ ಸ್ವಚ್ಛತೆಯ ಗುರುತಾಗಿ ಕಾಣುತ್ತದೆ. ರೀಫ್ ಟ್ಯಾಂಕಿನಲ್ಲಿ ಅದು ಉಪವಾಸ. ಹವಳದೊಳಗಿನ ಪಾಚಿಗಳಿಗೂ, ಕಲ್ಲಿನ ಮೇಲೆ ನೆಲೆಯೂರಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಸ್ವಲ್ಪ ಸಾರಜನಕ, ಸ್ವಲ್ಪ ರಂಜಕ ಬೇಕೇ ಬೇಕು. ಅವೆರಡೂ ಇಲ್ಲದ ಹೊಸ ಟ್ಯಾಂಕಿನಲ್ಲಿ ಉಳಿದ ಜೀವಿಗಳು ಸೊರಗಿದಾಗ ಜಾಗ ಹಿಡಿಯುವುದು ಏಕಕೋಶ ಜೀವಿಗಳಾದ ಡೈನೊಫ್ಲಾಜೆಲೇಟ್‌ಗಳು. ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಇದ್ದರೆ ನಿಮ್ಮಂಥ ಮೃದು ಹವಳದ ಟ್ಯಾಂಕ್ ನೆಮ್ಮದಿಯಾಗಿರುತ್ತದೆ. ಹೀಗಿರುವಾಗ ಎರಡೇ ಮೀನಿರುವ ಟ್ಯಾಂಕಿಗೆ ಫಾಸ್ಫೇಟ್ ಹೀರುವ ರೆಸಿನ್ ಕೊಟ್ಟದ್ದು ಹಸಿದವನ ತಟ್ಟೆ ಎಳೆದುಕೊಂಡ ಹಾಗಾಯಿತು. ಅದನ್ನು ಈ ಸಂಜೆಯೇ ತೆಗೆದುಬಿಡಿ.

ಹಾಗೆಂದು ಕಂದು ಪೊರೆಯೆಲ್ಲ ಡೈನೊಫ್ಲಾಜೆಲೇಟ್ ಅಲ್ಲ. ಹೊಸ ಟ್ಯಾಂಕುಗಳಲ್ಲಿ ಮೊದಲ ತಿಂಗಳುಗಳಲ್ಲಿ ಬರುವುದು ಹೆಚ್ಚಾಗಿ ಡಯಾಟಮ್, ಅಂದರೆ ಗಾಜಿನಂಥ ಕವಚವಿರುವ ಏಕಕೋಶ ಪಾಚಿ. ಅದು ಸಿಲಿಕೇಟ್ ತಿಂದು ಬೆಳೆಯುತ್ತದೆ. ಟಿಡಿಎಸ್ 62 ಇರುವ ನಿಮ್ಮ ನೀರು ಅದನ್ನು ಧಾರಾಳವಾಗಿ ಒದಗಿಸುತ್ತಿರಬಹುದು. ಒಂದು ಮಾತನ್ನು ಇಲ್ಲೇ ಸೇರಿಸುತ್ತೇನೆ: ಡಿಐ ರೆಸಿನ್ ಸವೆಯುತ್ತ ಬಂದಾಗ ಮೊದಲು ನುಸುಳುವುದು ಸಿಲಿಕಾ, ಮತ್ತು ಅದನ್ನು ಟಿಡಿಎಸ್ ಮೀಟರ್ ಸರಿಯಾಗಿ ಗುರುತಿಸುವುದಿಲ್ಲ. ಮೀಟರ್ ಸೊನ್ನೆ ತೋರಿಸುತ್ತಿದೆ ಎಂದು ರೆಸಿನ್ನನ್ನು ವರ್ಷಗಟ್ಟಲೆ ಬದಲಿಸದೆ ಇರಬಾರದು.

ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ಡಯಾಟಮ್ ಪುಡಿಪುಡಿಯಾಗಿ ಹರಡಿರುತ್ತದೆ, ಊದಿದರೆ ಹಾರಿಹೋಗುತ್ತದೆ, ಬಸವನಹುಳುಗಳು ಅದನ್ನು ಸಂತೋಷವಾಗಿ ಮೇಯುತ್ತವೆ. ಡೈನೊಫ್ಲಾಜೆಲೇಟ್ ಲೋಳೆಯಾಗಿರುತ್ತದೆ, ಎಳೆಎಳೆಯಾಗಿ ತೂಗಾಡುತ್ತದೆ, ತುದಿಗಳಲ್ಲಿ ಗಾಳಿಯ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಮಧ್ಯಾಹ್ನದ ಬೆಳಕಿನಲ್ಲಿ ದಟ್ಟವಾಗಿ, ರಾತ್ರಿ ದೀಪ ಆರಿದ ಮೇಲೆ ತೆಳುವಾಗಿ ಕಾಣುತ್ತದೆ. ಅದರ ಕೆಲವು ಜಾತಿಗಳು ವಿಷಕಾರಿಯಾದ್ದರಿಂದ ಬಸವನಹುಳುಗಳು ಮಂಕಾಗಿ ಅಡಿಯಲ್ಲಿ ಬೀಳುತ್ತವೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಪೊರೆಯನ್ನು ಟ್ಯಾಂಕಿನ ನೀರಿನೊಂದಿಗೆ ಒಂದು ಸಣ್ಣ ಬಾಟಲಿಗೆ ಹೀರಿಕೊಂಡು, ಎಳೆಗಳೆಲ್ಲ ಬಿಡಿಯಾಗುವಂತೆ ಜೋರಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಕೆಳಗೆ ಬಂದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ಮತ್ತೆ ಎಳೆಗಳಾಗಿ ಒಟ್ಟುಗೂಡಿದರೆ ಅದು ಡೈನೊಫ್ಲಾಜೆಲೇಟ್. ಮಕ್ಕಳ ಶಾಲೆಯ ಸೂಕ್ಷ್ಮದರ್ಶಕ 400 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು: ಡಯಾಟಮ್‌ಗಳು ಗಾಜಿನ ದೋಣಿಗಳಂತೆ ಅಲುಗದೆಯೋ ಮೆಲ್ಲಗೆ ಜಾರುತ್ತಲೋ ಇರುತ್ತವೆ, ಡೈನೊಗಳು ಸುತ್ತುತ್ತ ಈಜುತ್ತವೆ.

ಡಯಾಟಮ್ ಆಗಿದ್ದರೆ ನೀರನ್ನು ಸರಿಪಡಿಸಿ ಕಾಯುವುದಷ್ಟೇ ಕೆಲಸ. ಡೈನೊ ಆಗಿದ್ದರೆ ಪೋಷಕಾಂಶಗಳು ಮೇಲೇರುವವರೆಗೆ ನೀರು ಬದಲಾಯಿಸುವುದನ್ನು ನಿಲ್ಲಿಸಬೇಕು, ಮೀನಿಗೆ ಸ್ವಲ್ಪ ಹೆಚ್ಚು ಆಹಾರ ಹಾಕಬೇಕು. ಯಾವುದಾದರೂ ಸರಿ, ಫಲಿತಾಂಶವನ್ನು ಇಲ್ಲಿ ಬರೆಯಿರಿ.

ನೀರಿನ ಲೆಕ್ಕ

ಸೂಕ್ಷ್ಮದರ್ಶಿ ಅವರ ಆಕ್ಷೇಪ ನ್ಯಾಯವಾದದ್ದು, ರೆಸಿನ್ ತೆಗೆಯಬೇಕೆಂಬುದನ್ನು ನಾನೂ ಹೇಳಬೇಕಿತ್ತು. ಆದರೆ ನೀರು ಬದಲಾವಣೆಯನ್ನು ಪೂರ್ತಿ ನಿಲ್ಲಿಸುವ ಸಲಹೆಗೆ ನನ್ನ ಭಿನ್ನಾಭಿಪ್ರಾಯವಿದೆ. ಶೇಕಡಾ 10ರಷ್ಟು ನೀರನ್ನು ಬದಲಾಯಿಸಿದರೆ ನೈಟ್ರೇಟ್ ಇಳಿಯುವುದೂ ಶೇಕಡಾ 10 ಮಾತ್ರ. 5 ಇದ್ದದ್ದು 4.5 ಆಗುತ್ತದೆ. ಅಷ್ಟಕ್ಕೆ ಹವಳ ಉಪವಾಸ ಬೀಳುವುದಿಲ್ಲ, ಆದರೆ ಮಿಶ್ರಣದಿಂದ ಬರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಪಾಂಶಗಳು ತಪ್ಪಿಹೋಗುತ್ತವೆ.

ಸೂಕ್ಷ್ಮದರ್ಶಿ

ಲೆಕ್ಕ ಸರಿ. ಆದರೆ ಡೈನೊಗಳಿರುವ ಟ್ಯಾಂಕಿನಲ್ಲಿ ಹೊಸ ನೀರು ಹಾಕಿದ ಮಾರನೆಯ ದಿನ ಪೊರೆ ದಟ್ಟವಾಗುವುದನ್ನು ಅನೇಕರು ಗಮನಿಸಿದ್ದಾರೆ. ಹೊಸ ಉಪ್ಪಿನೊಂದಿಗೆ ಬರುವ ಅಲ್ಪಾಂಶಗಳೇ ಅದಕ್ಕೆ ಗೊಬ್ಬರ ಎಂಬುದು ಒಂದು ಅನುಮಾನ. ಎರಡು ಮೃದು ಹವಳಗಳಿರುವ ಟ್ಯಾಂಕು ಕೆಲವು ವಾರ ಕ್ಯಾಲ್ಸಿಯಂಗಾಗಿ ಕಾಯಬಲ್ಲದು. ಯಾವ ಜೀವಿ ಎಂದು ತಿಳಿಯುವ ಮೊದಲೇ ನಾವಿಬ್ಬರೂ ಚರ್ಚಿಸುವುದು ಬೇಡ.

ಹೊಸಕಡಲು

ಎಲ್ಲರಿಗೂ ಕೃತಜ್ಞತೆಗಳು. ಭಾವನವರಿಗೆ ತಿಳಿಸಿದೆ, ಕ್ಯಾನಿನ ಬದಲು ಹಲಸಿನ ಹಪ್ಪಳ ತರುವುದಾಗಿ ಒಪ್ಪಿದ್ದಾರೆ. ರೆಸಿನ್ ತೆಗೆದಿದ್ದೇನೆ. ಗೆರೆ ಎಳೆದು ಬೆಳಿಗ್ಗೆ, ಸಂಜೆ ನೀರು ತುಂಬುತ್ತಿದ್ದೇನೆ, ಫ್ಯಾನು ಹಾಕಿದ ಮೇಲೆ ಸಂಜೆಯ ಉಷ್ಣಾಂಶ 27 ದಾಟಿಲ್ಲ. ಸದ್ಯಕ್ಕೆ ಡಿಐ ಕಾರ್ಟ್ರಿಜ್ ಇರುವ ಪರಿಚಿತರೊಬ್ಬರ ಮನೆಯಿಂದ ನೀರು ತರುತ್ತಿದ್ದೇನೆ.

ಕಾಗದದ ಪರೀಕ್ಷೆ ಮಾಡಿದೆ. ಗಂಟೆ ಕಳೆದರೂ ನೀರಿನಲ್ಲಿ ಎಳೆಗಳು ಕೂಡಲಿಲ್ಲ, ತಳದಲ್ಲಿ ಕಂದು ಪುಡಿ ಮಾತ್ರ ಕುಳಿತಿದೆ. ಬಸವನಹುಳುಗಳು ಚುರುಕಾಗಿಯೇ ಇವೆ, ಅವು ಹೋದಲ್ಲೆಲ್ಲ ಗಾಜಿನ ಮೇಲೆ ಸ್ವಚ್ಛವಾದ ದಾರಿ ಮೂಡಿದೆ. ಹಾಗಾದರೆ ಡಯಾಟಮ್ ಎಂದುಕೊಳ್ಳಬಹುದೇ? ಲೆದರ್ ಹವಳ ಇನ್ನೂ ಮುಚ್ಚಿಯೇ ಇದೆ. ಇನ್ನೊಂದು ಸಂದೇಹ: ಮನೆಯಲ್ಲಿ ಮಕ್ಕಳು ನೀಲಿ ಟ್ಯಾಂಗ್ ಮೀನು ಮತ್ತು ಹವಳದ ಬಂಧುವಾದ ಒಂದು ಸೀ ಅನಿಮೋನ್ ಬೇಕೆಂದು ಹಟ ಹಿಡಿದಿದ್ದಾರೆ. ಅದಕ್ಕೆ ಯಾವಾಗ ಸಿದ್ಧವಾಗಬಹುದು?

ಸೂಕ್ಷ್ಮದರ್ಶಿ

ಡಯಾಟಮ್ ಎಂದೇ ಕಾಣುತ್ತದೆ. ನೀರಿನಲ್ಲಿದ್ದ ಸಿಲಿಕೇಟ್ ತೀರಿದಂತೆ ತಾನಾಗಿ ಕಡಿಮೆಯಾಗುತ್ತದೆ. ಅದರ ಹಿಂದೆಯೇ ಕಲ್ಲಿನ ಮೇಲೆ ಹಸಿರು ಪಾಚಿ ಬಂದರೆ ಗಾಬರಿಯಾಗಬೇಡಿ, ಒಣ ಕಲ್ಲಿನಿಂದ ಶುರುವಾದ ಟ್ಯಾಂಕುಗಳು ಈ ಸರದಿಯನ್ನು ದಾಟಿಯೇ ಬರುತ್ತವೆ. ವಾರಕ್ಕೆ 5 ಲೀಟರ್ ಬದಲಾಯಿಸುವುದನ್ನು ಮುಂದುವರಿಸಿ. ನೀರಿನ ಲೆಕ್ಕ ಅವರು ಗೆದ್ದರು. ಉಪ್ಪನ್ನು ಬಕೆಟಿನಲ್ಲಿ ಸಣ್ಣ ಪಂಪಿಟ್ಟು ಪೂರ್ತಿ ಕರಗಿಸಿ, ಉಷ್ಣಾಂಶ, ಲವಣಾಂಶ ಎರಡೂ ಟ್ಯಾಂಕಿಗೆ ಸರಿಹೊಂದಿದ ಮೇಲೆಯೇ ಹಾಕಿ. ಮಳೆಗಾಲದಲ್ಲಿ ಉಪ್ಪಿನ ಚೀಲ ತೇವ ಎಳೆದುಕೊಂಡು ಗಟ್ಟಿಯಾಗುವುದರಿಂದ ಅದನ್ನು ಈಗಲೇ ಬಿಗಿಯಾದ ಡಬ್ಬಿಗೆ ಹಾಕಿಡುವುದು ವಾಸಿ.

ಮೀನಮನೆ

ನೀಲಿ ಟ್ಯಾಂಗಿನ ಪ್ರಶ್ನೆಗೆ ಉತ್ತರ, ಈ ಟ್ಯಾಂಕಿನಲ್ಲಿ ಎಂದಿಗೂ ಇಲ್ಲ. ಅಂಗಡಿಯಲ್ಲಿ ಹೆಬ್ಬೆಟ್ಟಿನಷ್ಟಿರುವ ಆ ಮೀನು ಒಂದು ಅಡಿಯವರೆಗೆ ಬೆಳೆಯುತ್ತದೆ, ದಿನವಿಡೀ ಉದ್ದಕ್ಕೆ ಈಜುವ ಸ್ವಭಾವದ್ದು. ಕ್ಲೌನ್ ಮೀನಿಗೆ ಅನಿಮೋನ್ ಬೇಕೇ ಬೇಕು ಎಂಬುದು ತಪ್ಪು ಕಲ್ಪನೆ, ಹ್ಯಾಚರಿಯಲ್ಲಿ ಹುಟ್ಟಿದ ಮರಿಗಳು ಅದನ್ನು ಕಂಡೇ ಇರುವುದಿಲ್ಲ. ಅನಿಮೋನ್ ನಡೆದಾಡುವ ಪ್ರಾಣಿ. ಹೊಸ ಟ್ಯಾಂಕಿನಲ್ಲಿ ಜಾಗ ಹಿಡಿಸದೆ ಅಲೆದು, ನೀರನ್ನು ಅಲೆಯಾಡಿಸುವ ಪಂಪಾದ ವೇವ್‌ಮೇಕರಿಗೆ ಸಿಕ್ಕಿ ತುಂಡಾದರೆ ಒಂದೇ ರಾತ್ರಿಯಲ್ಲಿ ಎಲ್ಲ ನೀರೂ ಕೆಡುತ್ತದೆ. ವರ್ಷ ತುಂಬಿದ, ಸ್ಥಿರವಾದ ಟ್ಯಾಂಕಿಗೆ ಮಾತ್ರ ಅದು ಸಲ್ಲುತ್ತದೆ. ಮಕ್ಕಳಿಗೆ ಕುತೂಹಲ ಬೇಕಿದ್ದರೆ ಒಂದು ವಾಚ್‌ಮನ್ ಗೋಬಿಯನ್ನೂ ಒಂದು ಪಿಸ್ತೂಲ್ ಸಿಗಡಿಯನ್ನೂ ತನ್ನಿ. ಕಣ್ಣು ಮಂದವಾದ ಸಿಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ, ಸಿಗಡಿಯ ಮೀಸೆ ಸದಾ ಗೋಬಿಯ ಮೈಗೆ ತಾಗಿಕೊಂಡೇ ಇರುತ್ತದೆ. ಅಲ್ಲಿಗೆ ನಿಮ್ಮ ಮೀನಿನ ಲೆಕ್ಕ ಮುಗಿಯಿತು.

ನಿಮ್ಮ ಎರಡು ಕ್ಲೌನ್‌ಗಳಲ್ಲಿ ದೊಡ್ಡದು ಚಿಕ್ಕದನ್ನು ಆಗಾಗ ಅಟ್ಟಿಸಿಕೊಂಡು ಹೋಗಬಹುದು, ಚಿಕ್ಕದು ಮೈ ನಡುಗಿಸಿ ಶರಣಾಗಬಹುದು. ಹುಟ್ಟುವಾಗ ಎಲ್ಲವೂ ಗಂಡು. ಮೇಲುಗೈ ಸಾಧಿಸಿದ್ದು ಹೆಣ್ಣಾಗುತ್ತದೆ. ರೆಕ್ಕೆ ಹರಿಯದಿದ್ದರೆ ನೀವು ಮಧ್ಯೆ ಹೋಗಬೇಡಿ. ಹೊಸ ಮೀನು ತಂದಾಗಲೆಲ್ಲ ಬೇರೆ ಡಬ್ಬಿಯಲ್ಲಿ ಕೆಲವು ವಾರ ಇಟ್ಟು ನೋಡಿ, ಏಕೆಂದರೆ ಬಿಳಿ ಚುಕ್ಕೆ ರೋಗ ಒಮ್ಮೆ ಈ ಟ್ಯಾಂಕಿಗೆ ಬಂದರೆ ಅದರ ಮದ್ದಾದ ತಾಮ್ರವನ್ನು ಇಲ್ಲಿ ಬಳಸಲಾಗದು. ಬಸವನಹುಳು, ಸಿಗಡಿ, ಹವಳ ಎಲ್ಲವೂ ಸಾಯುತ್ತವೆ. ವಿದ್ಯುತ್ ಹೋದಾಗಿನ ವ್ಯವಸ್ಥೆಯನ್ನು ಯಾರೂ ಹೇಳಿಲ್ಲ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಸಮುದ್ರದ ನೀರು 7ಕ್ಕಿಂತ ಕಡಿಮೆ ಹಿಡಿಯುತ್ತದೆ. ಮನೆಯ ಇನ್ವರ್ಟರಿಗೆ ವೇವ್‌ಮೇಕರ್ ಒಂದನ್ನಾದರೂ ಜೋಡಿಸಿ, ಇಲ್ಲವೇ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪ್ ಇಟ್ಟುಕೊಳ್ಳಿ.

ಮಕ್ಕಳಿರುವ ಮನೆಯಾದ್ದರಿಂದ ಝೋವಾಂಥಿಡ್ ಬಗ್ಗೆ ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅವುಗಳಲ್ಲಿ ಕೆಲವು, ಅದರಲ್ಲೂ ಪಾಲಿಥೋವಾ ಎಂಬವು, ಪಾಲಿಟಾಕ್ಸಿನ್ ಎಂಬ ಅತ್ಯಂತ ತೀವ್ರವಾದ ವಿಷವನ್ನು ಹೊಂದಿರುತ್ತವೆ. ಕೈಗವಸಿಲ್ಲದೆ ಮುಟ್ಟಬೇಡಿ, ಕತ್ತರಿಸುವಾಗ ಕಣ್ಣಿಗೆ ಕನ್ನಡಕವಿರಲಿ, ಬ್ರಷ್ಷಿನಿಂದ ಉಜ್ಜಬೇಡಿ. ಕಲ್ಲನ್ನು ಶುದ್ಧ ಮಾಡಲೆಂದು ಎಂದಿಗೂ ಕುದಿಯುವ ನೀರು ಹಾಕಬೇಡಿ. ಆ ಆವಿಯನ್ನು ಉಸಿರಾಡಿ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಪ್ರಸಂಗಗಳು ವಿದೇಶಗಳಲ್ಲಿ ದಾಖಲಾಗಿವೆ.

ಲೆದರ್ ಹವಳ ಸತ್ತಿಲ್ಲ. ಮೇಣದ ಹೊಳಪು ಎಂದು ನೀವು ಬರೆದಿರುವುದು ಅದು ಪೊರೆ ಕಳಚುವ ಮುನ್ನಿನ ಲಕ್ಷಣ. ಒಂದೆರಡು ವಾರ ಮುಚ್ಚಿಕೊಂಡಿದ್ದು, ಮೈಮೇಲಿನ ತೆಳು ಪದರವನ್ನು ಅದರ ಮೇಲೆ ಕುಳಿತ ಪಾಚಿ ಸಮೇತ ಕಳಚಿ, ಮತ್ತೆ ತೆರೆದುಕೊಳ್ಳುತ್ತದೆ. ಉಪ್ಪಿನ ಏರಿಳಿತ ಅದನ್ನು ಪದೇ ಪದೇ ಹಾಗೆ ಮಾಡಿಸುತ್ತದೆ. ಮೆತ್ತಗಾಗಿ, ಕಪ್ಪಾಗಿ, ದುರ್ವಾಸನೆ ಬಂದರೆ ಮಾತ್ರ ಹೊರತೆಗೆಯಿರಿ. ಪದರ ಬೇಗ ಕಳಚಿಹೋಗುವಂತೆ ವೇವ್‌ಮೇಕರಿನ ಹರಿವು ಅದರ ಮೇಲೆ ಓರೆಯಾಗಿ ಹಾಯುವ ಹಾಗೆ ತಿರುಗಿಸಿ. ಲೆದರ್ ಹವಳವು ನೆರೆಯ ಹವಳಗಳನ್ನು ಹತ್ತಿಕ್ಕುವ ಟರ್ಪೀನ್ ರಾಸಾಯನಿಕಗಳನ್ನು ನೀರಿಗೆ ಬಿಡುವುದರಿಂದ, ಝೋವಾಂಥಿಡ್ ತುಂಡನ್ನು ಅದರಿಂದ ದೂರಕ್ಕೆ ಸರಿಸಿ, ರೆಸಿನ್ ಇದ್ದ ಚೀಲದಲ್ಲಿ ಈಗ ಎರಡು ಮೂರು ಚಮಚ ಆಕ್ಟಿವೇಟೆಡ್ ಕಾರ್ಬನ್ ತೊಳೆದು ಹಾಕಿ, ತಿಂಗಳಿಗೊಮ್ಮೆ ಬದಲಾಯಿಸಿ.